ಐದನೆಯ ಪ್ರಶ್ನೆಗೆ ಉತ್ತರ

ಇದು ಒಂದು ಕೆಮ್ಮಿನಿಂದ ಶುರುವಾದ ಕತೆ. ಕಟ್ಟಿದ್ದಲ್ಲ, ನಡೆದದ್ದು. ಕೆಮ್ಮಿದವನು ಈಗಲೂ ಗಟ್ಟಿಮುಟ್ಟಾಗಿದ್ದಾನೆ, ಅವನ ಗಂಟಲಿಗೂ ಏನೂ ಆಗಿಲ್ಲ. ಅನುಮಾನ ಇದ್ದವರು ಹೋಗಿ ವಿಚಾರಿಸಬಹುದು. ಆಗಿದ್ದೆಲ್ಲ ಆ ಕೆಮ್ಮನ್ನು ಕೇಳಿಸಿಕೊಂಡವಳಿಗೆ.

ಅವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಚಾದರದಕ್ಕ ಅನ್ನುತ್ತಿದ್ದರು. ನಾಲ್ಕು ಮಹಡಿಯ ಅಷ್ಟೂ ಮಂಚಗಳಿಗೆ ಚಾದರ ಹಾಸುವುದು, ಎಳೆಯುವುದು, ಎಣಿಸುವುದು, ಮಡಿಸುವುದು ಹನ್ನೆರಡು ವರ್ಷದಿಂದ ಅವಳ ಕೆಲಸ. ಯಾವ ಮಂಚದಲ್ಲಿ ಯಾರು ಮಲಗಿದ್ದರು, ಯಾರು ಎಡಕ್ಕೆ ಹೊರಳುತ್ತಿದ್ದರು, ಯಾರು ದಿಂಬಿನಡಿ ಬನ್ನು ಬಚ್ಚಿಡುತ್ತಿದ್ದರು, ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು, ಅದು ಅವಳ ತಲೆಯಿಂದ ಮತ್ತೆ ಇಳಿಯುತ್ತಿರಲಿಲ್ಲ. ಆದರೆ ಚಾದರದ ಮೇಲೆ ಮಲಗಿದವರ ನಾಡಿ ಹಿಡಿಯುವ ಅಧಿಕಾರ ಮಾತ್ರ ಅವಳಿಗಿರಲಿಲ್ಲ. ಅದು ಬೇಕೆಂದರೆ ಅದೇ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿರುವ ನರ್ಸಿಂಗ್ ಶಾಲೆಗೆ ಸೇರಬೇಕು. ಆಸ್ಪತ್ರೆಯ ಕೆಲಸದವರಿಗೆಂದು ಅಲ್ಲಿ ವರ್ಷಕ್ಕೆ ಒಂದೇ ಒಂದು ಸೀಟು. ಸೇರಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಚಾದರದಕ್ಕನಿಗೆ ಮೂವತ್ತೈದು ತುಂಬಲು ಇನ್ನು ಇಪ್ಪತ್ತು ದಿನ. ಪರೀಕ್ಷೆ ಇವತ್ತು ಮಧ್ಯಾಹ್ನ ಮೂರಕ್ಕೆ.

ಓದುವುದಕ್ಕೂ ಬರೆಯುವುದಕ್ಕೂ ಅವಳಿಗೆ ಅಂಜಿಕೆ ಇರಲಿಲ್ಲ. ಮಗಳ ಶಾಲೆಯ ಪುಸ್ತಕ ಹಿಡಿದು, ಮಗಳ ಕೈಲೇ ಬೈಸಿಕೊಂಡು, ವ್ಯಾಕರಣವನ್ನು ಒಗೆದು ಒಣಗಿಸಿ ಮಡಿಸಿ ಇಟ್ಟುಕೊಂಡಿದ್ದಳು. ಕುತ್ತಿಗೆಗೆ ಬರುತ್ತಿದ್ದದ್ದು ಕೇಳುವ ಪರೀಕ್ಷೆ. ಸ್ಪೀಕರಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ, ಉತ್ತರ ಬರೆಯಬೇಕು. ಇಪ್ಪತ್ತು ಅಂಕ. ಹಿಂದಿನ ಎರಡು ವರ್ಷವೂ ಸ್ಪೀಕರ್ ಗೊರ್ ಎನ್ನುತ್ತಲೇ ಅವಳ ಕಿವಿಗೆ ಯಾರೋ ಹತ್ತಿ ತುರುಕಿದಂತಾಗಿ, ಇಪ್ಪತ್ತಕ್ಕೆ ಒಮ್ಮೆ ಎರಡು, ಇನ್ನೊಮ್ಮೆ ಒಂದೂವರೆ ಬಂದಿತ್ತು.

ಇದನ್ನು ನೋಡಲಾರದೆ ಎಕ್ಸ್‌ರೇ ಕೋಣೆಯ ಹುಡುಗ, ಅವಳು ತಮ್ಮ ಎಂದೇ ಕರೆಯುತ್ತಿದ್ದವನು, ಹಿಂದಿನ ಸಂಜೆ ಅವಳ ಫೋನಿಗೆ ಒಂದು ರೆಕಾರ್ಡಿಂಗ್ ಹಾಕಿಕೊಟ್ಟಿದ್ದ. ಈ ಎಕ್ಸ್‌ರೇ ತಮ್ಮ ಒಂದು ವಿಚಿತ್ರ ಪ್ರಾಣಿ. ಲಿಫ್ಟಿನ ಟಿಂಗ್ ಶಬ್ದವನ್ನು ಬಾಯಲ್ಲಿ ಮಾಡಿ ಜನರನ್ನು ಮುಚ್ಚಿದ ಬಾಗಿಲಿಗೆ ನುಗ್ಗಿಸುತ್ತಿದ್ದ. ಸೂಪರಿಂಟೆಂಡೆಂಟರ ಸೀನು ಸೀನಿ ಇಡೀ ವಾರ್ಡನ್ನು ಎದ್ದು ನಿಲ್ಲಿಸುತ್ತಿದ್ದ.

"ಅಕ್ಕಾ, ಇದ್ರಲ್ಲಿ ಐದೇ ಪ್ರಶ್ನೆ ಇವೆ. ಉತ್ತರ ಇಲ್ಲ. ಉತ್ತರ ನೀನೇ ಕಂಡ್ಕೋಬೇಕು."

"ಯಾರಪ್ಪಾ ಇದ್ರಲ್ಲಿ ಮಾತಾಡೋದು?"

"ಯಾರೋ ವಿದೇಶದ ಮುದುಕ. ಸತ್ತು ಬಹಳ ವರ್ಷ ಆಯ್ತಂತೆ," ಎಂದು ಅವನು ಹೋಗಿಬಿಟ್ಟ.

ಬೆಳಿಗ್ಗೆ ಆರೂವರೆಗೆ ಎರಡನೇ ಮಹಡಿಯಲ್ಲಿ ಚಾದರದ ಗಾಡಿ ತಳ್ಳುತ್ತಾ ಚಾದರದಕ್ಕ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಮೊದಲು ಬಂದದ್ದೇ ಆ ಕೆಮ್ಮು. "ಹ್ಹೆಂ... ಹೆಂ." ಬಾವಿಯ ತಳದಲ್ಲಿ ಯಾರೋ ಕುರ್ಚಿ ಎಳೆದ ಹಾಗೆ. ಆಮೇಲೆ, "ನಂಬರ್ ಒನ್." ಮುದುಕನ ಇಂಗ್ಲಿಷನ್ನು ಹಿಂದಕ್ಕೂ ಮುಂದಕ್ಕೂ ಎಳೆದು, ಹನ್ನೆರಡನೇ ಸಲ ಕೇಳಿದಾಗ ಅರ್ಥ ಹಿಂಡಿಕೊಂಡು ಬಂತು: ಹನ್ನೊಂದನೇ ಮಂಚದ ರೋಗಿಯ ಚಪ್ಪಲಿ ಒಂದು ಕಾಣೆಯಾಗಿದೆ. ಚಪ್ಪಲಿ ಎಲ್ಲಿದೆ?

ಗೆದ್ದೆ ಅಂದುಕೊಂಡು ಅವಳು ವಾರ್ಡಿನೊಳಗೆ ಗಾಡಿ ನುಗ್ಗಿಸಿದಳು. ಹನ್ನೊಂದನೇ ಮಂಚದ ಮೇಲೆ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಒಂದು ಕಾಲು ಇಳಿಬಿಟ್ಟು ಇನ್ನೊಂದು ಕಾಲು ಎತ್ತಿಕೊಂಡು ಕೊಕ್ಕರೆಯ ಹಾಗೆ ಕೂತಿದ್ದರು.

"ತಾಯೀ, ನನ್ನ ಎಡಗಾಲಿನ ಚಪ್ಪಲಿ ಎಲ್ಲಿ ಹೋಯ್ತು ನೋಡಿದ್ರಾ?"

ಚಾದರದಕ್ಕನ ಕೈಯಲ್ಲಿದ್ದ ದಿಂಬು ನೆಲಕ್ಕೆ ಬಿತ್ತು. ಮಂಚದಡಿ ಹುಡುಕಿದಳು, ಬೀರುವಿನ ಹಿಂದೆ ಹುಡುಕಿದಳು. ಕೊನೆಗೆ ಕಂಡದ್ದು ಬಾಗಿಲ ಬಳಿಯ ತೂಕದ ಯಂತ್ರದ ಮೇಲೆ. ಚಪ್ಪಲಿ ಬೆಳಬೆಳಿಗ್ಗೆ ತನ್ನ ತೂಕ ತಾನೇ ನೋಡಿಕೊಳ್ಳಲು ಹೋಗಿ ನಿಂತ ಹಾಗಿತ್ತು.

"ಇದೇನು ಕಾಕತಾಳೀಯವೋ!" ಎಂದು ನಕ್ಕಳು.

ಕಾರಿಡಾರಿನಲ್ಲಿ ಎಕ್ಸ್‌ರೇ ತಮ್ಮ ಸಿಕ್ಕಿದ. "ಎಷ್ಟನೇ ನಂಬರಿಗೆ ಬಂದೆ ಅಕ್ಕಾ?"

"ಎರಡು ಕೇಳ್ತಾ ಇದ್ದೀನಪ್ಪ."

"ಕೇಳು ಕೇಳು," ಎಂದು ಅವನು ಸರಸರನೆ ಮೆಟ್ಟಿಲಿಳಿದ.

ಎರಡನೆಯದು ಅರ್ಥವಾಗುವ ಹೊತ್ತಿಗೆ ಒಂಬತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮುದುಕ ಕೆಮ್ಮಿ ಹೇಳಿದ್ದು: ಮಳೆ ಇಲ್ಲದ ದಿನ ಒಬ್ಬ ಹೆಂಗಸು ಒದ್ದೆ ಛತ್ರಿ ಹಿಡಿದು ಬರುತ್ತಾಳೆ. ಅವಳು ಯಾರನ್ನು ಹುಡುಕುತ್ತಿದ್ದಾಳೆ?

ಇಯರ್‌ಫೋನ್ ತೆಗೆದಳು. ಹಿಂದಿನಿಂದ ತೊಟ್, ತೊಟ್ ಎಂಬ ಶಬ್ದ. ತಿರುಗಿದರೆ ಕಾರಿಡಾರಿನುದ್ದಕ್ಕೂ ನೀರಿನ ಗೆರೆ, ಗೆರೆಯ ತುದಿಯಲ್ಲಿ ಗುರುತು ಪರಿಚಯವಿಲ್ಲದ ಹೆಂಗಸು, ಅವಳ ಕೈಯಲ್ಲಿ ಸುರಿಯುತ್ತಿರುವ ಕಪ್ಪು ಛತ್ರಿ. ಹೆಂಗಸು ರೆಪ್ಪೆ ಬಡಿಯದೆ ಕೇಳಿದಳು:

"ನನ್ನ ಅವಳಿ ತಂಗೀನ ಹುಡುಕ್ತಿದ್ದೀನಿ. ಥೇಟ್ ನನ್ನ ಹಾಗೇ ಇದ್ದಾಳೆ. ಈಗ ತಾನೇ ಈ ಕಡೆ ನಾನು ಹೋಗಿದ್ದು ನೋಡಿದ್ರಾ?"

"ಇ... ಇಲ್ಲಮ್ಮ. ನಿಮ್ಮನ್ನ ಇದೇ ಮೊದಲು ನೋಡ್ತಿರೋದು. ಅಂದ್ರೆ, ಅವರನ್ನ. ಅಂದ್ರೆ, ಇಬ್ಬರನ್ನೂ!"

ಹೆಂಗಸು ನಿಟ್ಟುಸಿರು ಬಿಟ್ಟು ಮೂಲೆ ತಿರುಗಿದಳು. ಚಾದರದಕ್ಕ ಧೈರ್ಯ ಮಾಡಿ ಹೋಗಿ ಮೂಲೆಯಾಚೆ ಇಣುಕಿದಳು. ಯಾರೂ ಇಲ್ಲ. ನೀರಿನ ಗೆರೆಯೂ ಅಲ್ಲಿಗೇ ನಿಂತಿತ್ತು, ಕತ್ತರಿಸಿದ ಹಾಗೆ.

ಅವಳು ನೇರವಾಗಿ ದೊಡ್ಡ ಸಿಸ್ಟರ್ ಬಳಿ ಓಡಿದಳು. ದೊಡ್ಡ ಸಿಸ್ಟರ್ ಎಂದರೆ ಇಡೀ ಆಸ್ಪತ್ರೆಯ ನರ್ಸುಗಳ ಮೇಲಿನವರು. ಅವರು ನಕ್ಕಿದ್ದನ್ನು ಕಂಡವರಿಲ್ಲ.

"ಸಿಸ್ಟರ್, ಈ ಫೋನಿನೊಳಗಿರೋ ಮುದುಕ ಹೇಳಿದ್ದೆಲ್ಲ ಆಗ್ತಾ ಇದೆ!"

"ಯಾವ ಮುದುಕ?"

"ಸತ್ತಿರೋನು."

ದೊಡ್ಡ ಸಿಸ್ಟರ್ ಕನ್ನಡಕದ ಮೇಲಿನಿಂದ ನೋಡಿದರು. "ರಾತ್ರಿ ನಿದ್ದೆ ಮಾಡಿಲ್ಲ ಅಂತ ಕಾಣ್ಸುತ್ತೆ. ಮೂರನೇ ಮಹಡಿಗೆ ಹೋಗಿ ಚಾದರ ಬದಲಾಯ್ಸು. ಹಾಂ, ಲಿಫ್ಟಲ್ಲೇ ಹೋಗು, ಸುಸ್ತಾದಂತಿದ್ದೀಯ."

ಲಿಫ್ಟಿಗೆ ಕಾಯುತ್ತಾ ಮೂರನೆಯದು ಕೇಳಿದಳು. ಕೇಳಬಾರದಾಗಿತ್ತು. ಲಿಫ್ಟಿನ ಬಾಗಿಲು ತೆರೆಯುತ್ತದೆ. ಒಳಗೆ ಯಾರೂ ಇಲ್ಲ. ಹಾಗಾದರೆ ಏನಿದೆ?

ಟಿಂಗ್. ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ನಟ್ಟ ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಗೋಡೆಗಡಿಯಾರ, ಅವಳತ್ತಲೇ ಮುಖ ಮಾಡಿ ಟಿಕ್ ಟಿಕ್ ಎನ್ನುತ್ತಿತ್ತು. ಆಗ ಸಮಯ ಹನ್ನೊಂದು. ಗಡಿಯಾರ ತೋರಿಸುತ್ತಿದ್ದದ್ದು ಎರಡಕ್ಕೆ ಹತ್ತು ನಿಮಿಷ ಕಮ್ಮಿ.

ಚಾದರದಕ್ಕ ಗಾಡಿಯನ್ನು ಅಲ್ಲೇ ಬಿಟ್ಟು, ಇಪ್ಪತ್ತು ಚಾದರ ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದಳು. ಹತ್ತುವಾಗ ಎದುರಾದ ಎಕ್ಸ್‌ರೇ ತಮ್ಮ ಮತ್ತೆ, "ಎಷ್ಟಾಯ್ತಕ್ಕಾ?" ಎಂದ.

"ಮೂರು. ಇನ್ನು ಕೇಳಲ್ಲ. ನಿನ್ನ ಮುದುಕನ್ನ ನೀನೇ ಇಟ್ಕೋ ಮಾರಾಯ!"

"ಹಾಗನ್ಬೇಡ. ಇದು ಕೊನೇ ಸಲ ಅಲ್ವಾ ನಿಂಗೆ?"

ಆ ಮಾತು ಅವಳನ್ನು ಹಿಡಿದು ನಿಲ್ಲಿಸಿತು. ಇಪ್ಪತ್ತು ದಿನ. ಆಮೇಲೆ ಚಾದರ, ಚಾದರ, ಮುಪ್ಪಿನವರೆಗೂ ಚಾದರ. ಭೂತವೋ ಪಿಶಾಚಿಯೋ, ಇಂಗ್ಲಿಷ್ ಬರುತ್ತದಲ್ಲ, ಕಲಿಸಿಕೊಡಲಿ ಅಂದುಕೊಂಡು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.

ನಾಲ್ಕು: ಕಿಟಕಿ ಪಕ್ಕದ ಮಂಚದ ಅಜ್ಜಿ ಹೊರಗೆ ನೋಡುತ್ತಾ ಕೈ ಬೀಸುತ್ತಿದ್ದಾಳೆ. ಯಾರಿಗೆ?

ಮೂರನೇ ಮಹಡಿಯ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಾ ಕಿಟಕಿಯತ್ತ ಕೈ ಬೀಸುತ್ತಿದ್ದಳು. ಚಾದರದಕ್ಕ ಕಣ್ಣು ಮುಚ್ಚಿಕೊಂಡು, ಮಂಚದ ಕಂಬಿ ತಡವುತ್ತಾ, ಕಿಟಕಿಯ ಬಳಿ ಹೋಗಿ ಒಂದು ಕಣ್ಣು ತೆರೆದಳು. ನೆಲದಿಂದ ನಲವತ್ತು ಅಡಿ ಮೇಲೆ, ಗಾಜಿಗೆ ಮೂಗು ಒತ್ತಿಕೊಂಡು, ಸುಣ್ಣದಂಥ ಬಿಳೀ ಮುಖವೊಂದು ಅವಳನ್ನೇ ನೋಡುತ್ತಿತ್ತು.

ಅವಳು ಕಿರುಚಿದ್ದಕ್ಕೆ ಪಕ್ಕದ ಮಂಚದವಳ ಗ್ಲುಕೋಸ್ ಸ್ಟ್ಯಾಂಡ್ ಅಲುಗಾಡಿತು. ಇಪ್ಪತ್ತು ಚಾದರ ಅವಳ ಮೇಲೆಯೇ ಕುಸಿದವು.

"ಯಾಕಮ್ಮಾ ಹಾಗೆ ಕೂಗ್ತೀಯ?" ಎಂದಳು ಅಜ್ಜಿ. "ಪೇಂಟರ್ ಅಲ್ವಾ ಅವನು? ಹಗ್ಗದ ತೊಟ್ಟಿಲಲ್ಲಿ ಕೂತು ಗೋಡೆಗೆ ಬಣ್ಣ ಬಳೀತಿದ್ದಾನೆ. ಪಾಪ, ಮುಖಕ್ಕೂ ಬಳ್ಕೊಂಡಿದ್ದಾನೆ."

ಪೇಂಟರ್ ಹಲ್ಲು ಕಿರಿದು ಕೈ ಬೀಸಿದ. ಚಾದರದಕ್ಕನೂ ಬೀಸಿದಳು.

ಐದನೆಯದನ್ನು ಅವಳು ಕೇಳಿದ್ದು ಒಂದೂಕಾಲಿಗೆ, ನೆಲಮಹಡಿಯ ಚಾದರದ ಕೋಣೆಯಲ್ಲಿ. ಒಬ್ಬಳೇ ಕೇಳಲು ಧೈರ್ಯವಿಲ್ಲದೆ, ದರ್ಜಿ ತಾತನ ಎದುರು ಕೂತು ಕೇಳಿದಳು. ದರ್ಜಿ ತಾತ ಆ ಕೋಣೆಯ ಬಾಗಿಲ ಬಳಿ ಮರದ ಕುರ್ಚಿ ಹಾಕಿಕೊಂಡು, ಹರಿದ ಚಾದರಗಳನ್ನು ಹೊಲಿಗೆ ಯಂತ್ರದಲ್ಲಿ ಹೊಲಿಯುತ್ತಾ ಮೂವತ್ತು ವರ್ಷ ಕಳೆದವನು. ಅವನೂ ಕುರ್ಚಿಯೂ ಒಂದೇ ಮರದಿಂದ ಮಾಡಿದಂತಿದ್ದರು.

"ಹ್ಹೆಂ... ಹೆಂ. ನಂಬರ್ ಫೈವ್."

ಇದೊಂದು ಮಾತ್ರ ಅವಳಿಗೆ ಮೊದಲನೇ ಸಲಕ್ಕೇ ಅರ್ಥವಾಯಿತು. ಎರಡಕ್ಕೆ ಹತ್ತು ನಿಮಿಷ ಕಮ್ಮಿ. ಒಂದು ಕೋಣೆಯಲ್ಲಿ ಹೆಂಗಸೊಬ್ಬಳು ಚಾದರ ಮಡಿಸುತ್ತಿದ್ದಾಳೆ. ಅವಳ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅವಳು ತಿರುಗುತ್ತಾಳೆ. ಅಲ್ಲಿ ಏನಿದೆ?

ಅಷ್ಟಕ್ಕೇ ರೆಕಾರ್ಡಿಂಗ್ ಮುಗಿದುಹೋಯಿತು.

"ತಾತಾ," ಎಂದಳು ಅವಳು. "ನಾನು ಮನೆಗೆ ಹೋಗ್ತೀನಿ."

ಅಷ್ಟರಲ್ಲಿ ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. "ಆಪರೇಷನ್ ಥಿಯೇಟರಿಗೆ ಮೂವತ್ತು ಚಾದರ, ಎರಡು ಗಂಟೆಗೆ. ಮಡಿಸಿಟ್ಟು ಪರೀಕ್ಷೆಗೆ ಹೋಗು. ಮಡಿಸದೆ ಹೋದ್ರೆ ಪರೀಕ್ಷೆಗೂ ಇಲ್ಲ."

ಚಾದರದಕ್ಕ ದರ್ಜಿ ತಾತನ ಕೈ ಹಿಡಿದುಕೊಂಡಳು. "ತಾತಾ, ಎರಡರವರೆಗೂ ನೀವು ಏಳಬಾರ್ದು. ಯಂತ್ರ ತುಳೀತಾನೇ ಇರಿ. ಶಬ್ದ ಕೇಳ್ತಿದ್ರೆ ನಂಗೆ ಧೈರ್ಯ."

"ಎಲ್ಲಿಗೆ ಏಳ್ಲಿ ತಾಯೀ? ನಾನು ಎದ್ರೂ ನನ್ನ ಮಂಡಿ ಏಳ್ಬೇಕಲ್ಲ," ಎಂದು ತಾತ ತುಳಿಯತೊಡಗಿದ. ಕಟಕಟ, ಕಟಕಟ.

ಅವಳು ಬಾಗಿಲಿಗೆ ಬೆನ್ನು ಹಾಕಿ ಮಡಿಸತೊಡಗಿದಳು. ಎಷ್ಟು ಮಡಿಸಿದರೂ ಅಂಚಿಗೆ ಅಂಚು ಕೂಡುತ್ತಿರಲಿಲ್ಲ. ಪಕ್ಕದಲ್ಲಿ ಒಗೆದ ಚಾದರಗಳ ದೊಡ್ಡ ಗುಡ್ಡೆ ಆಳೆತ್ತರಕ್ಕೆ ಬಿದ್ದಿತ್ತು. ಅದು ಆಗಾಗ ಉಸಿರಾಡಿದ ಹಾಗೆ ಅನ್ನಿಸಿತು. ಗೋಡೆಯ ಗಡಿಯಾರದ ಕಡೆ ನೋಡಬಾರದು ಎಂದುಕೊಂಡು ನೋಡಿದಳು. ಒಂದು ಐವತ್ತು.

ಬಾಗಿಲು ಕಿರ್ರ್ ಎಂದಿತು. ಧಡ್ ಎಂದು ಮುಚ್ಚಿಕೊಂಡಿತು.

ಯಂತ್ರದ ಕಟಕಟ ನಿಂತುಹೋಯಿತು.

ತಿರುಗಬಾರದು, ತಿರುಗಬಾರದು ಎಂದು ಜಪಿಸುತ್ತಲೇ ಅವಳು ತಿರುಗಿದಳು. ಹೊಲಿಗೆ ಯಂತ್ರದ ಚಕ್ರ ಇನ್ನೂ ಸುತ್ತುತ್ತಿತ್ತು. ಸೂಜಿಯಡಿ ಅರ್ಧ ಹೊಲಿದ ಚಾದರವಿತ್ತು. ಕುರ್ಚಿ ಇತ್ತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಒಂದು ಖಾಲಿ ಕುರ್ಚಿ.

ಆಗ ಚಾದರದ ಗುಡ್ಡೆಯೊಳಗಿನಿಂದ ಬಂತು: "ಹ್ಹೆಂ... ಹೆಂ."

ಗುಡ್ಡೆ ಎದ್ದು ನಿಂತಿತು. ಅದರೊಳಗಿನಿಂದ ಎಕ್ಸ್‌ರೇ ತಮ್ಮ ಹೊರಬಿದ್ದ. ಬೀರುವಿನ ಹಿಂದಿನಿಂದ ಪೋಸ್ಟ್‌ಮ್ಯಾನ್, ಎರಡೂ ಚಪ್ಪಲಿ ಹಾಕಿಕೊಂಡು. ಮೇಜಿನಡಿಯಿಂದ ಛತ್ರಿಯ ಹೆಂಗಸು ("ನಾನು ಕ್ಯಾಂಟೀನವರ ನಾದಿನಿ ಅಕ್ಕಾ, ಬೇಜಾರು ಮಾಡ್ಕೋಬೇಡಿ"). ಬಾಗಿಲು ತೆರೆದು ಬಂದವರು ಬಿಳೀ ಮುಖದ ಪೇಂಟರ್, ಮಂಡಿ ಚೆನ್ನಾಗಿಯೇ ಇದ್ದ ದರ್ಜಿ ತಾತ, ಅವರ ಹಿಂದೆ ಜನ್ಮದಲ್ಲಿ ಮೊದಲ ಸಲ ನಗುತ್ತಿದ್ದ ದೊಡ್ಡ ಸಿಸ್ಟರ್.

"ನೀನಾ ಆ ಮುದುಕ?" ಚಾದರದಕ್ಕ ದಿಂಬು ಎತ್ತಿಕೊಂಡು ಎಕ್ಸ್‌ರೇ ತಮ್ಮನನ್ನು ಕೋಣೆಯ ಸುತ್ತ ಅಟ್ಟಾಡಿಸಿದಳು. "ನಾನು ಸಾಯ್ತಿದ್ದೆನಲ್ಲೋ! ಸತ್ತಿದ್ರೆ ಚಾದರ ಯಾರೋ ಹೊದಿಸ್ತಿದ್ರು ನಂಗೆ?"

"ಹೊಡಿ ಅಕ್ಕಾ, ಹೊಡಿ. ಆದ್ರೆ ಐದನ್ನೂ ಮರೀಬೇಡ! ಚಪ್ಪಲಿ ಎಲ್ಲಿತ್ತು? ಲಿಫ್ಟಲ್ಲಿ ಏನಿತ್ತು? ಮರೀಬೇಡ!"

"ಚಪ್ಪಲಿ ನಿನ್ನ ಬಾಯೊಳಗೆ ಇರುತ್ತೆ ಈಗ!"

ಅವಳು ಎಲ್ಲರ ಎದುರಿಗೇ ಆ ರೆಕಾರ್ಡಿಂಗ್ ಅಳಿಸಿಹಾಕಿದಳು. ಎಕ್ಸ್‌ರೇ ತಮ್ಮ ಏನೋ ಹೇಳಲು ಬಾಯಿ ತೆರೆದ, ಒಮ್ಮೆ ಮೇಲೆ ನಾಲ್ಕನೇ ಮಹಡಿಯ ದಿಕ್ಕಿಗೆ ನೋಡಿದ, ಬಾಯಿ ಮುಚ್ಚಿಕೊಂಡ. ಅವನ ಮುಖದಲ್ಲಿ ಆಗ ನಗು ಇರಲಿಲ್ಲ. ಅದನ್ನು ಗಮನಿಸುವ ಪುರುಸೊತ್ತು ಯಾರಿಗಿತ್ತು?

ಮೂರಕ್ಕೆ ನರ್ಸಿಂಗ್ ಶಾಲೆಯಲ್ಲಿ ಪರೀಕ್ಷೆ. ಒಂಬತ್ತು ಜನ. ಹೆದರಿ ಹೆದರಿ ಹೆದರಿಕೆಯೆಲ್ಲ ಖರ್ಚಾಗಿಹೋಗಿದ್ದರಿಂದ ಚಾದರದಕ್ಕನಿಗೆ ಮೈ ಹಗುರಾಗಿತ್ತು. ಓದುವ ಪ್ರಶ್ನೆ, ಬರೆಯುವ ಪ್ರಶ್ನೆ ಎರಡನ್ನೂ ಬೆಳ್ಳಗೆ ಒಗೆದು ಹಾಕಿದಳು. ಆಮೇಲೆ ಪ್ರಿನ್ಸಿಪಾಲಮ್ಮ ಸ್ಪೀಕರಿನ ಗುಂಡಿ ಒತ್ತಿದರು. ಗೊರ್ ಎಂದಿತು.

"ಹ್ಹೆಂ... ಹೆಂ. ನಂಬರ್ ಒನ್."

ಚಾದರದಕ್ಕನ ಕೂದಲು ನಿಮಿರಿತು. ಮರುಕ್ಷಣ ಹೊಟ್ಟೆಯೊಳಗಿನಿಂದ ನಗು ಉಕ್ಕಿ ಬಂತು. ಬಂದನಲ್ಲಪ್ಪಾ ಇಲ್ಲಿಗೂ! ದೊಡ್ಡ ಸಿಸ್ಟರನ್ನೇ ಸೇರಿಸಿಕೊಂಡವನು ಪ್ರಿನ್ಸಿಪಾಲಮ್ಮನನ್ನು ಬಿಟ್ಟಾನೆಯೇ? ಅತ್ತ ಸ್ಪೀಕರಿನಲ್ಲಿ ಹನ್ನೊಂದನೇ ಮಂಚದ ಚಪ್ಪಲಿಯ ಕತೆ ಈ ಸಲ ಇಡಿಯಾಗಿ ಸಾಗಿತ್ತು. ಎದುರಿನ ಹುಡುಗ ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದ. ಪಕ್ಕದ ಹುಡುಗಿ ಬೆವರುತ್ತಿದ್ದಳು. ಪಾಪ, ಇವರಿಗೆ ಗೊತ್ತಿಲ್ಲ, ಅಸಲಿ ಪ್ರಶ್ನೆ ಇನ್ನೂ ಬರಬೇಕು. ಅಲ್ಲಿಯವರೆಗೆ ಇವನ ಸಾಲ ತೀರಿಸೋಣ ಅಂದುಕೊಂಡು ಚಾದರದಕ್ಕ ಪೆನ್ನು ಎತ್ತಿದಳು. ಇಂಗ್ಲಿಷಿನಲ್ಲಿ ಜೀವಮಾನದಲ್ಲೇ ಅಷ್ಟು ಸಲೀಸಾಗಿ ಅವಳು ಬರೆದಿರಲಿಲ್ಲ.

ಚಪ್ಪಲಿ ಎಲ್ಲಿದೆ? "ಇನ್ನು ಸ್ವಲ್ಪ ಹೊತ್ತಿನಲ್ಲಿ ಎಕ್ಸ್‌ರೇಯವನ ತಲೆಯ ಮೇಲೆ." ಛತ್ರಿಯವಳು ಯಾರನ್ನು ಹುಡುಕುತ್ತಿದ್ದಾಳೆ? "ಎಕ್ಸ್‌ರೇಯವನ ಮೆದುಳನ್ನು. ಈವರೆಗೆ ಯಾವ ಎಕ್ಸ್‌ರೇಯಲ್ಲೂ ಅದು ಕಂಡುಬಂದಿಲ್ಲ." ಲಿಫ್ಟಿನಲ್ಲಿ ಏನಿದೆ? "ಅವನು ಬಿಟ್ಟುಹೋದ ನಾಚಿಕೆ." ಅಜ್ಜಿ ಯಾರಿಗೆ ಕೈ ಬೀಸುತ್ತಿದ್ದಾಳೆ? "ಅವನಿಗೇ. ಇದು ಕೊನೆಯ ವಿದಾಯ." ಹೆಂಗಸು ತಿರುಗಿದಾಗ ಅಲ್ಲಿ ಏನಿದೆ? "ಆರು ಕತ್ತೆಗಳು. ಅದರಲ್ಲಿ ಒಂದಕ್ಕೆ ಹೊಲಿಗೆ ಬರುತ್ತದೆ."

ಪ್ರಿನ್ಸಿಪಾಲಮ್ಮ ಕಾಗದಗಳನ್ನು ಎತ್ತಿಕೊಂಡರು. "ಆಯ್ತು, ಎಲ್ಲರೂ ಕೂತಿರಿ, ಎಣಿಸ್ಕೊಳ್ತೀನಿ."

"ಅಮ್ಮಾವ್ರೇ," ಚಾದರದಕ್ಕ ನಗು ತಡೆಯುತ್ತಾ ಎದ್ದು ನಿಂತಳು, "ತಮಾಷೆ ಸಾಕು. ಅಸಲಿ ಟೇಪು ಹಾಕಿ."

ಉಳಿದ ಎಂಟೂ ಜನ ಅವಳತ್ತ ತಿರುಗಿದರು.

"ಯಾವ ಅಸಲಿ ಟೇಪು?" ಎಂದರು ಪ್ರಿನ್ಸಿಪಾಲಮ್ಮ. "ಹಳೇ ಟೇಪು ಬೂಷ್ಟು ಹಿಡಿದು ಹಾಳಾಯ್ತು. ಈ ಸಲ ನಮ್ಮ ಎಕ್ಸ್‌ರೇ ಹುಡುಗನ ಕೈಲೇ ಓದಿಸಿದ್ದು. ಒಂದೇ ಒಂದು ಉತ್ತರಾನೂ ಯಾರಿಗೂ ಹೇಳಲ್ಲ ಅಂತ ಬರೆಸ್ಕೊಂಡಿದ್ದೀನಿ. ಯಾಕೆ, ನಿಂಗೇನಾದ್ರೂ ಹೇಳಿದ್ನಾ?"

ಚಾದರದಕ್ಕನ ಕಣ್ಣ ಮುಂದೆ ತೂಕದ ಯಂತ್ರ ಬಂತು. ಅವಳಿ ತಂಗಿ ಬಂದಳು. ಗಡಿಯಾರ, ಪೇಂಟರ್, ಒಂದರ ಹಿಂದೆ ಒಂದು ಬಂದು ಸಾಲಾಗಿ ನಿಂತವು. ಒಮ್ಮೆ ಕಣ್ಣಿಗೆ ಬಿದ್ದದ್ದನ್ನು ಅವಳು ಮರೆಯುವುದಿಲ್ಲವೆಂದು ಇಡೀ ಆಸ್ಪತ್ರೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ?

"ಇಲ್ಲಮ್ಮ," ಎಂದಳು ನಿಧಾನವಾಗಿ. "ಒಂದನ್ನೂ ಹೇಳ್ಲಿಲ್ಲ."

ಪ್ರಿನ್ಸಿಪಾಲಮ್ಮನಿಗೆ ಅನುಮಾನ ಬಂದು ಅವಳ ಕಾಗದ ತೆಗೆದು ಕಣ್ಣಾಡಿಸಿದರು. ಹುಬ್ಬು ಮೇಲೇರಿತು. ಮೊದಲನೇ ಉತ್ತರವನ್ನು ಗಟ್ಟಿಯಾಗಿ ಓದಿದರು. ಎರಡನೆಯದನ್ನು ಓದುವಷ್ಟರಲ್ಲಿ ಎಂಟೂ ಜನ ಮೇಜು ಗುದ್ದಿಕೊಂಡು ನಗುತ್ತಿದ್ದರು.

"ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ," ಎಂದರು ಪ್ರಿನ್ಸಿಪಾಲಮ್ಮ. "ಕಾಗುಣಿತದಲ್ಲೂ ಇಲ್ಲ. ಅಂಕ, ಇಪ್ಪತ್ತಕ್ಕೆ ಸೊನ್ನೆ. ಹೊರಗೆ ಹೋಗು."

ಅವಳು ಹೊರಗೆ ಬಂದಳು. ಕಾರಿಡಾರಿನಲ್ಲಿ ಎಕ್ಸ್‌ರೇ ತಮ್ಮ ಕಾಯುತ್ತಿದ್ದ. ಹರಕೆ ಹೊತ್ತವನ ಹಾಗೆ ಐದೂ ಬೆರಳು ಎತ್ತಿ ಹಿಡಿದಿದ್ದ, ಮುಖದ ತುಂಬ ಆಸೆ.

"ಅಕ್ಕಾ, ಐದೂ ಬರೆದ್ಯಾ?"

ಹಿಂದೆ ಬಾಗಿಲು ಕಿರ್ರ್ ಎಂದು ತಾನಾಗಿ ಮುಚ್ಚಿಕೊಂಡಿತು. ಅವಳು ತಿರುಗಿದಳು. ಬಾಗಿಲಿನ ಗಾಜಿನೊಳಗೆ ಎಂಟು ತಲೆಗಳ ಸಾಲು, ಸಾಲಿನ ಮಧ್ಯೆ ಅವಳು ಈಗ ತಾನೇ ಬಿಟ್ಟುಬಂದ ಜಾಗ.

"ಆ್ಯನ್ ಎಂಪ್ಟಿ ಚೇರ್," ಎಂದಳು ಚಾದರದಕ್ಕ, ತಪ್ಪಿಲ್ಲದೆ.

ಆಮೇಲೆ ನಗತೊಡಗಿದಳು. ಮೊದಲು ಒಳಗಿನವರ ನಗುವಿನ ಜೊತೆ ಸೇರಿ ನಕ್ಕಳು. ಒಳಗಿನವರು ಒಬ್ಬೊಬ್ಬರಾಗಿ ಸುಮ್ಮನಾದರು; ಅವಳು ಸುಮ್ಮನಾಗಲಿಲ್ಲ. ಎಕ್ಸ್‌ರೇ ತಮ್ಮನ ಎತ್ತಿದ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ನಗು ಕಾರಿಡಾರು ದಾಟಿ, ಖಾಲಿ ಲಿಫ್ಟಿನ ಬಾವಿಯೊಳಗೆ ಇಳಿದು, ಮಹಡಿಯಿಂದ ಮಹಡಿಗೆ ದೊಡ್ಡದಾಗುತ್ತಾ ಹೋಯಿತು.

ಕೆಳಗೆ ಚಾದರದ ಕೋಣೆಯಲ್ಲಿ ದರ್ಜಿ ತಾತ ಯಂತ್ರ ನಿಲ್ಲಿಸಿ ಕಿವಿಗೊಟ್ಟ. ಮೂವತ್ತು ವರ್ಷದಲ್ಲಿ ಅವನು ಆಸ್ಪತ್ರೆಯಲ್ಲಿ ಬಗೆಬಗೆಯ ಕೂಗು ಕೇಳಿದ್ದ. ಇದು ಯಾವ ಬಗೆಯದೋ ತಿಳಿಯದೆ, ಮೆಲ್ಲನೆ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿಕೊಂಡ.